ಹಂಡೆ ಮೋಡಕಾಕ್ಕೆ ಹೋಗುವ ಮುನ್ನ
ಅಜ್ಜನ ಮನೆಯ ಬಚ್ಚಲಿನ ಸಾಮಾನುಗಳನ್ನು ಗುರುತಿಸುವ ಬಗೆ

ಹಳೆಯ ಮನೆಯನ್ನು ಕೆಡವುತ್ತಾರೆಂಬ ಸುದ್ದಿ ಊರಲ್ಲಿ ಹಬ್ಬಿದರೆ ಮೊದಲು ಬಾಗಿಲಿಗೆ ಬಂದು ನಿಲ್ಲುವವನು ಗೌಂಡಿಯಲ್ಲ, ಮೋಡಕಾ ವ್ಯಾಪಾರಿ. ಯಲಬುರ್ಗಾ ತಾಲ್ಲೂಕಿನ ನಮ್ಮ ಅಜ್ಜನ ಮನೆಯ ಮಣ್ಣಿನ ಮಾಳಿಗೆ ಹೋದ ಮಳೆಗಾಲದಲ್ಲಿ ಒಂದು ಮಗ್ಗುಲು ಕುಸಿಯಿತು. ಜಂತಿಗಳು ಗೆದ್ದಲು ಹಿಡಿದಿದ್ದವು. ಇನ್ನು ಇಡುವುದು ಬೇಡ, ಕೆಡವಿ ಸಿಮೆಂಟಿನ ಮನೆ ಕಟ್ಟೋಣವೆಂದು ಅಣ್ಣತಮ್ಮಂದಿರೆಲ್ಲ ಕೂಡಿ ತೀರ್ಮಾನಿಸಿದರು. ನಾನು ಊರು ಮುಟ್ಟುವ ಹೊತ್ತಿಗೆ ಅಡಿಗೆಮನೆ, ಬಚ್ಚಲುಗಳ ಸಾಮಾನೆಲ್ಲ ಅಂಗಳಕ್ಕೆ ಬಂದು ಬಿದ್ದಿತ್ತು. ವ್ಯಾಪಾರಿಯ ಗಾಡಿಯೂ ಬಂದಿತ್ತು, ತಕ್ಕಡಿಯೂ ತೂಗುಬಿದ್ದಿತ್ತು.

“ಎಲ್ಲಾ ಹಿತ್ತಾಳಿ ಅದ ಬಿಡ್ರಿ, ಒಂದ ದರ ಹಾಕೋಣು” ಎಂದು ಅವನು ಅನ್ನುತ್ತಿದ್ದ. ನಮ್ಮ ಕಾಕಾನ ಮಗ ಒಪ್ಪಿಕೊಳ್ಳುವ ಹಾದಿಯಲ್ಲಿದ್ದ. ಕಟ್ಟೆಯ ಮೇಲೆ ಕೂತಿದ್ದ ನಮ್ಮ ಅತ್ತೆ ಮಾತ್ರ “ಆ ದೊಡ್ಡದು ಬಡದು ನೋಡ್ರೋ, ಅದು ಹಿತ್ತಾಳಿ ಅಲ್ಲ” ಎಂದಳು. ಅವಳಿಗೀಗ ಎಂಬತ್ತನಾಲ್ಕು ವರ್ಷ, ಕಣ್ಣು ಮಂಜಾಗಿದೆ, ಕಿವಿ ಚುರುಕು. ನಾನು ಕೋಲಿನಿಂದ ಬಡಿದೆ. ‘ಡಬ್’ ಎಂದು ಸದ್ದು ಸತ್ತಿತು. “ತಾಮ್ರ. ನಮ್ಮವ್ವನ ಲಗ್ನದ ಹಂಡೇವು” ಎಂದು ಅತ್ತೆ ನಿಶ್ಚಯವಾಗಿ ಹೇಳಿದಳು. ಹೊಗೆಯ ಮಸಿ ಹತ್ತಿ ಒಲೆಯ ಕಲ್ಲಿನ ಬಣ್ಣಕ್ಕೆ ತಿರುಗಿದ್ದ ಆ ಹಂಡೆಯನ್ನು ನೋಡಿ ತಾಮ್ರವೋ, ಹಿತ್ತಾಳೆಯೋ ಎಂದು ಹೇಳುವುದು ಕಣ್ಣಿದ್ದ ನಮ್ಮಾರಿಂದಲೂ ಆಗಿರಲಿಲ್ಲ.

ಅಂದು ಗಾಡಿ ಖಾಲಿ ಹೋಯಿತು. ವ್ಯಾಪಾರಿ ಗೊಣಗಿದ, ಅವನ ತಪ್ಪೇನೂ ಇಲ್ಲ, ಕೊಳ್ಳುವವನು ಅಗ್ಗಕ್ಕೆ ಕೇಳುತ್ತಾನೆ, ತಿಳಿದುಕೊಳ್ಳಬೇಕಾದವರು ಮಾರುವವರು. ಮುಂದಿನ ಎರಡು ದಿನ ಅತ್ತೆಯನ್ನು ನಡುವೆ ಕೂಡಿಸಿಕೊಂಡು ಒಂದೊಂದೇ ಸಾಮಾನು ಗುರುತಿಸಿದೆವು. ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಕಡೆಗಳಲ್ಲಿ ಇಂಥ ಮನೆಗಳು ವರ್ಷವರ್ಷ ಕೆಡವಲ್ಪಡುತ್ತಿರುವುದರಿಂದ, ಅಲ್ಲಿ ಕಲಿತದ್ದನ್ನೂ ಬೇರೆಡೆ ಕೇಳಿ ತಿಳಿದದ್ದನ್ನೂ ರೈತ ಬಾಂಧವರ ಮುಂದೆ ಇಡುತ್ತಿದ್ದೇನೆ.

ಆಗಿನ ಬಚ್ಚಲು ಹೇಗಿತ್ತು?

ಈಗಿನ ಮಕ್ಕಳಿಗೆ ಬಾತ್‌ರೂಮೆಂದರೆ ಬಾಗಿಲಿರುವ ಒಂದು ಕೋಣೆ. ನಮ್ಮ ಕಡೆ ಬಚ್ಚಲೆಂದರೆ ಬಹುಮಟ್ಟಿಗೆ ಅಡಿಗೆಮನೆಯದೇ ಒಂದು ಮೂಲೆ. ಅರ್ಧ ಆಳೆತ್ತರದ ಗೋಡೆಯ ಮರೆ, ನೆಲಕ್ಕೆ ಹಾಸಿದ ದೊಡ್ಡ ಚಪ್ಪಡಿ, ಅದರ ಮೂರು ಮಗ್ಗುಲಿಗೆ ಗೇಣುದ್ದದ ಕಟ್ಟೆ, ಮೂಲೆಯಲ್ಲೊಂದು ಮೋರಿಯ ತೂತು. ಒಲೆಯನ್ನು ಮಣ್ಣಿನಲ್ಲಿ ಕಟ್ಟಿ ಹಂಡೆಯನ್ನು ಅದರೊಳಗೇ ಕೂಡಿಸಿಬಿಡುತ್ತಿದ್ದರು. ಹೊರಗೆ ಕಾಣುವುದು ಅದರ ಕೊರಳು ಮಾತ್ರ. ಉರಿ ಹಾಕುವ ಬಾಯಿ ಅನೇಕ ಮನೆಗಳಲ್ಲಿ ಗೋಡೆಯ ಆಚೆ ಕಡೆಗೆ ಇರುತ್ತಿತ್ತು. ಜಳಕ ಮಾಡುವವರಿಗೆ ಹೊಗೆ ತಾಗದಂತೆ ಮಾಡಿದ ಏರ್ಪಾಡು ಅದು. ಗೋಡೆಯಲ್ಲಿ ಒಂದು ಗೂಡು, ಸೀಗೆಪುಡಿ, ಕಡಲೆಹಿಟ್ಟು, ಹಿಮ್ಮಡಿ ತಿಕ್ಕುವ ಕಲ್ಲು ಇಡುವುದಕ್ಕೆ. ಸೀರೆ ಹಾಕಲು ಜಂತಿಗೆ ಕಟ್ಟಿದ ಗಳ.

ಉರುವಲಿನ ಮೇಲೂ ಬಚ್ಚಲಿನ ರೂಪ ಬೇರೆಯಾಗುತ್ತಿತ್ತು. ಯಲಬುರ್ಗಾ, ಕುಷ್ಟಗಿಯ ಎರಿ ಭೂಮಿಯ ಊರುಗಳಲ್ಲಿ ಹತ್ತಿ ಕಟ್ಟಿಗೆ, ತೊಗರಿ ಕಟ್ಟಿಗೆ, ಜೋಳದ ಕೂಳೆ. ಇವು ಭರ್ರನೆ ಉರಿದು ಆರುತ್ತವೆ, ಆದ್ದರಿಂದ ಒಲೆಯ ಬಾಯಿ ದೊಡ್ಡದು. 1953ರಲ್ಲಿ ತುಂಗಭದ್ರೆಯ ನೀರು ಬಿಟ್ಟ ಮೇಲೆ ಗಂಗಾವತಿ ಕಡೆ ಭತ್ತ ಬಂತು. ಅದರ ಹಿಂದೆಯೇ ಅಕ್ಕಿ ಗಿರಣಿ, ಗಿರಣಿಯ ಹಿಂದೆ ಹೊಟ್ಟಿನ ಒಲೆ. ಹೊಟ್ಟನ್ನು ಗಟ್ಟಿಯಾಗಿ ತುಂಬಿ ನಡುವೆ ಕೊಳವೆಯಷ್ಟು ಜಾಗ ಬಿಡುವ ಆ ತಗಡಿನ ಒಲೆಯನ್ನು ಇಂದು ಅಟ್ಟದ ಮೇಲೆ ಕಂಡವರು ಅದನ್ನು ಮುರಿದ ಡಬ್ಬಿಯೆಂದು ಎಸೆಯುತ್ತಾರೆ. ಅದು ಬಚ್ಚಲಿನದೇ ಸಾಮಾನು.

ತಾಮ್ರ, ಹಿತ್ತಾಳೆ, ಕಂಚು

ಮೊದಲು ಲೋಹ ಗೊತ್ತಾಗಬೇಕು, ಏಕೆಂದರೆ ತಾಮ್ರಕ್ಕೆ ಹಿತ್ತಾಳೆಗಿಂತ ಹೆಚ್ಚು ಬೆಲೆ. ಬೇರೆಬೇರೆ ಮಾಡದೆ ಒಟ್ಟಿಗೆ ತೂಗಿಸಿದವನು ಕಳೆದುಕೊಳ್ಳುತ್ತಾನೆ.

ಮಸಿ ಹಿಡಿದ ಪಾತ್ರೆಯನ್ನು ಮೇಲೆ ಮೇಲೆ ನೋಡಿ ಪ್ರಯೋಜನವಿಲ್ಲ. ತಳದ ಅಂಚಿನಲ್ಲಿ, ಕಾಣದ ಜಾಗದಲ್ಲಿ, ಅರದಿಂದ ಒಂದು ಸಲ ಎಳೆಯಬೇಕು. ಒಳಗೆ ಕೆಂಪು ಕಂಡರೆ ತಾಮ್ರ. ಹಳದಿ ಕಂಡರೆ ಹಿತ್ತಾಳೆ. ಹಿತ್ತಾಳೆಯೆಂದರೆ ತಾಮ್ರಕ್ಕೆ ಸತುವು ಬೆರೆತದ್ದು. ಕಂಚೆಂದರೆ ತಾಮ್ರಕ್ಕೆ ತವರ ಬೆರೆತದ್ದು. ಕಂಚನ್ನು ಕಣ್ಣಿಗಿಂತ ಕಿವಿಯೇ ಬೇಗ ಹಿಡಿಯುತ್ತದೆ. ಬೆರಳ ಗೆಣ್ಣಿನಿಂದ ಬಡಿದರೆ ಗಂಟೆಯ ಹಾಗೆ ಬಹಳ ಹೊತ್ತು ಮೊಳಗುತ್ತದೆ. ಕೆಳಗೆ ಬಿದ್ದರೆ ತಗ್ಗು ಬೀಳುವುದಕ್ಕಿಂತ ಒಡೆಯುವುದೇ ಹೆಚ್ಚು. ತಾಮ್ರದ ಸದ್ದು ಮೊಂಡು. ಹಿತ್ತಾಳೆ ಇವೆರಡರ ನಡುವೆ. ಅತ್ತೆ ಕಟ್ಟೆಯ ಮೇಲೆ ಕೂತು ಮಾಡಿದ್ದು ಇದನ್ನೇ.

ಆಯಸ್ಕಾಂತ ಮನೆಯಲ್ಲಿದ್ದರೆ ಹಿಡಿದು ನೋಡಬೇಕು. ಹಳೆಯ ರೇಡಿಯೋದ ಸ್ಪೀಕರಿನದಾದರೂ ಸಾಕು. ತಾಮ್ರ, ಹಿತ್ತಾಳೆ, ಕಂಚು ಯಾವುದಕ್ಕೂ ಅದು ಅಂಟದು. ಅಂಟಿತೆಂದರೆ ಒಳಗೆ ಕಬ್ಬಿಣ, ಮೇಲೆ ಮುಲಾಮು. ಹಿಡಿಕೆಗಳು ಅನೇಕ ಸಲ ಕಬ್ಬಿಣದವೇ ಆಗಿರುತ್ತವೆ. ಮಾರುವುದೇ ಆದರೆ ಅವನ್ನು ನೀವೇ ಬಿಚ್ಚಿ ಬೇರೆ ಇಡಿ, ಇಲ್ಲದಿದ್ದರೆ ಅದರ ನೆಪ ಹೇಳಿ ಇಡೀ ತೂಕಕ್ಕೆ ಕತ್ತರಿ ಹಾಕುತ್ತಾರೆ.

ನಮ್ಮ ಕಡೆ ‘ಜರ್ಮನ್ ಪಾತ್ರೆ’ ಎನ್ನುವುದು ಅಲ್ಯೂಮಿನಿಯಂ. ಎತ್ತಿದರೆ ಗೊತ್ತಾಗುತ್ತದೆ: ಒಂದೇ ಗಾತ್ರದ ತಾಮ್ರ ಇದಕ್ಕಿಂತ ಮೂರು ಪಟ್ಟಿಗೂ ಹೆಚ್ಚು ತೂಗುತ್ತದೆ. ತಗಡಿನ ಬಕೀಟಿನ ಮೇಲೆ ಹರಳು ಹರಳಾಗಿ ಹೂ ಬಿಟ್ಟಂಥ ಗುರುತು ಕಾಣುವುದಲ್ಲ, ಅದು ಕಬ್ಬಿಣದ ತಗಡಿಗೆ ಸತುವಿನ ಲೇಪ ಕೊಟ್ಟದ್ದರ ಲಕ್ಷಣ. ಬಿಳಿ ಬಣ್ಣ, ನೀಲಿ ಅಂಚಿನ ಬೇಸಿನ್, ಮಗ್ಗುಗಳನ್ನು ಕೆಲವರು ಪಿಂಗಾಣಿ ಎಂದುಕೊಳ್ಳುತ್ತಾರೆ. ಚಕ್ಕೆ ಎದ್ದಲ್ಲಿ ಕರಿ ಕಬ್ಬಿಣ ಕಂಡರೆ ಅದು ಎನಾಮಲ್.

ಇನ್ನು ಕೈಯಿಂದ ಬಡಿದದ್ದೋ, ಯಂತ್ರದಲ್ಲಿ ಒತ್ತಿದ್ದೋ ಎಂಬ ಪ್ರಶ್ನೆ. ಹಳೆಯ ಹಂಡೆಯನ್ನು ಸ್ವಚ್ಛವಾಗಿ ಬೆಳಗಿ, ಬಿಸಿಲಿಗೆ ಓರೆಯಾಗಿ ಹಿಡಿದು ಹೊಟ್ಟೆಯ ಸುತ್ತ ನೋಡಿದರೆ, ಕೆಂಪು ತಾಮ್ರದಲ್ಲಿ ಹಳದಿಯ ಹಾವಿನಂಥ ಗೆರೆಯೊಂದು ಹಲ್ಲುಹಲ್ಲಾಗಿ ಓಡುವುದು ಕಾಣುತ್ತದೆ. ಮೇಲಿನ ಅರ್ಧ, ಕೆಳಗಿನ ಅರ್ಧ ಬೇರೆಬೇರೆ ಮಾಡಿ, ಅಂಚುಗಳಿಗೆ ಹಲ್ಲು ಕತ್ತರಿಸಿ, ಒಂದರೊಳಗೊಂದು ಕೂಡಿಸಿ, ಹಿತ್ತಾಳೆಯ ಬೆಸುಗೆ ಕೊಟ್ಟು ಬಡಿದ ಕೆಲಸ ಅದು. ಸುತ್ತಿಗೆಯ ಸಣ್ಣ ಸಣ್ಣ ತಗ್ಗುಗಳೂ ಸಾಲಾಗಿ ಇರುತ್ತವೆ. ಯಂತ್ರದಲ್ಲಿ ತಿರುಗಿಸಿ ಮಾಡಿದ್ದರಲ್ಲಿ ಗೆರೆ ಇರದು, ನೀರಿಗೆ ಕಲ್ಲು ಹಾಕಿದಾಗ ಏಳುವ ಉಂಗುರಗಳಂಥ ನವಿರು ಸುತ್ತುಗಳಿರುತ್ತವೆ. ನಮ್ಮ ಹಂಡೆಯ ಹಳದಿ ಗೆರೆಯನ್ನು ಅತ್ತೆ ಬೆರಳಿನಿಂದ ಹುಡುಕಿ ತೋರಿಸಿದಳು. ಅದರ ಪಕ್ಕದಲ್ಲೇ ಒಂದು ತೇಪೆ. ಬರಗಾಲದ ವರ್ಷ ನೀರಿಲ್ಲದೆ ಬರಿ ಹಂಡೆಗೆ ಉರಿ ಹತ್ತಿ ತೂತಾಗಿತ್ತಂತೆ. ಮಾಡಿದ್ದು ಯಾರೆಂದು ಕೇಳಿದೆ, “ನಾನs” ಎಂದಳು.

‘೧೩೪೨’ರ ಗೊಂದಲ

ಹಂಡೆಯ ಕೊರಳಿನ ಮಸಿ ಹುಣಸೆಹಣ್ಣಿನಿಂದ ತಿಕ್ಕಿ ತೆಗೆದಾಗ ಚುಕ್ಕೆಚುಕ್ಕೆಯಾಗಿ ಕೊರೆದ ಅಕ್ಷರ ಮೇಲೆದ್ದವು. ಅಜ್ಜಿಯ ತವರುಮನೆಯ ಹೆಸರು, ಅದರ ಮುಂದೆ ‘೧೩೪೨’. ನಮ್ಮಣ್ಣನೊಬ್ಬ ಶಾಲೆಯಲ್ಲಿ ಇತಿಹಾಸ ಕಲಿಸಿದವನು. ಅವನು ನಿಂತಲ್ಲೇ ಲೆಕ್ಕ ಹಾಕಿದ: “ವಿಜಯನಗರ ಕಟ್ಟಿದ್ದು 1336. ಅಂದರ ಹಕ್ಕ-ಬುಕ್ಕರ ಕಾಲದ ಹಂಡೇವು ಇದು! ಆನೆಗೊಂದಿಯೇನು ದೂರ ಐತಿ?” ಮನೆಯ ಮಂದಿಗೆಲ್ಲ ಸಂಭ್ರಮ. ಹಂಡೆಗೆ ಅರಿಶಿನ ಕುಂಕುಮ ಹಚ್ಚುವುದೊಂದೇ ಬಾಕಿ. ಯಾರೋ ಮೊಬೈಲಿನಲ್ಲಿ ಫೋಟೋ ಹೊಡೆದು ಊರೂರಿಗೆ ಕಳಿಸಿಯೂ ಬಿಟ್ಟರು.

ಅಜ್ಜಿಯ ಲಗ್ನದಲ್ಲಿ ಬಂದ ಹಂಡೆ ಆರುನೂರು ವರ್ಷ ಹಿಂದಿನದಾಗುವುದು ಹೇಗೆ ಎಂದು ಯಾರೂ ಕೇಳಲಿಲ್ಲ. ಉತ್ತರ ಇರುವುದು ನಮ್ಮ ಸೀಮೆಯ ಚರಿತ್ರೆಯಲ್ಲೇ. 1948ರ ಸೆಪ್ಟೆಂಬರಿನವರೆಗೆ ಈ ನಾಲ್ಕೂ ತಾಲ್ಲೂಕುಗಳು ಹೈದರಾಬಾದ್ ನಿಜಾಮನ ರಾಜ್ಯದಲ್ಲಿದ್ದವು. ಕೊಪ್ಪಳ ಸಾಲಾರ್‌ಜಂಗರ ಜಾಗೀರಾಗಿತ್ತು. ಆ ರಾಜ್ಯದ ಕಂದಾಯ, ದಫ್ತರ ಎಲ್ಲವೂ ನಡೆಯುತ್ತಿದ್ದುದು ಫಸಲಿ ವರ್ಷದಲ್ಲಿ. ಫಸಲಿಗೆ 590 ಕೂಡಿಸಿದರೆ ಇಸವಿ ಸಿಗುತ್ತದೆ. ಅಲ್ಲಿ ವರ್ಷ ಆರಂಭವಾಗುತ್ತಿದ್ದುದು ಅಕ್ಟೋಬರಿನಲ್ಲಿ. ಆದುದರಿಂದ ಜನವರಿಯಿಂದ ಮುಂದಿನ ತಿಂಗಳುಗಳಿಗೆ 591 ಕೂಡಿಸಬೇಕು. 1342 ಫಸಲಿ ಎಂದರೆ 1932-33. ಬೇಸಿಗೆಯ ಲಗ್ನವಾದರೆ 1933. ಅತ್ತೆ ಹುಟ್ಟಿದ್ದು ಅದಕ್ಕೆ ಎಂಟು ವರ್ಷದ ಮೇಲೆ. ಲೆಕ್ಕ ಕೂಡಿತು. ಹಕ್ಕ-ಬುಕ್ಕರು ಹೋದರು; ಅಜ್ಜಿ ಬಂದಳು. ನನಗಂತೂ ಇದೇ ಹೆಚ್ಚಿನ ಸಂತೋಷ.

ನಿಮ್ಮ ಮನೆಯ ಪಾತ್ರೆಯ ಮೇಲೆ ಅಂಕಿ ಇದ್ದರೆ ಆತುರಪಡಬೇಡಿ. 13ರಿಂದ ಆರಂಭವಾದರೆ ಫಸಲಿ ಇರಬಹುದು. ಮುಸಲ್ಮಾನ ಬಾಂಧವರ ಮನೆಯದಾದರೆ ಹಿಜರಿಯೂ ಇರಬಹುದು. 1342 ಹಿಜರಿ ಎಂದರೆ 1923-24, ಫಸಲಿಗೂ ಅದಕ್ಕೂ ಒಂಬತ್ತು ವರ್ಷದ ಅಂತರ. 18ರಿಂದ ಆರಂಭವಾದರೆ ಶಕ ವರ್ಷವಿದ್ದೀತು. 78 ಕೂಡಿಸಿ ನೋಡಿ. ಶಕ 1855 ಕೂಡ 1933ಕ್ಕೇ ಬರುತ್ತದೆ. ಉರ್ದು ಅಂಕಿಯಾಗಿದ್ದರೆ ಇನ್ನೊಂದು ಎಚ್ಚರ: ಅದರಲ್ಲಿ ಸೊನ್ನೆಯೆಂದರೆ ಬರಿ ಒಂದು ಚುಕ್ಕೆ, ಐದು ಮಾತ್ರ ನಮ್ಮ ಸೊನ್ನೆಯ ಹಾಗೆ ದುಂಡಗೆ. ಚುಕ್ಕೆ ಬಡಿದು ಬರೆದ ಬರಹದಲ್ಲಿ ಆ ಸೊನ್ನೆ ಕಳೆದೇ ಹೋಗುತ್ತದೆ. ತಳದಲ್ಲಿ ಅಂಗಡಿಯವನು ತೂಕ ಕೊರೆದಿದ್ದು, ಅದು ಸೇರಿನ ಲೆಕ್ಕದಲ್ಲಿದ್ದರೆ ಪಾತ್ರೆ ಸುಮಾರಾಗಿ 1960ಕ್ಕಿಂತ ಹಿಂದಿನದು. ಕಿಲೋಗ್ರಾಂ ತೂಕಗಳು ನಮ್ಮ ದೇಶದಲ್ಲಿ 1958ರಿಂದ ಹಂತಹಂತವಾಗಿ ಬಳಕೆಗೆ ಬಂದವು.

ಫೋಟೋ ಊರೂರಿಗೆ ಹೋದುದರ ಫಲ ಮರುದಿನವೇ ಕಂಡಿತು. ಯಾರೋ ಇಬ್ಬರು ಗುರುತಿಲ್ಲದವರು ಕಾರಿನಲ್ಲಿ ಬಂದಿಳಿದರು. ಹಂಡೆಯ ಕಡೆ ನೋಡಲೇ ಇಲ್ಲ. “ಸಿಡಿಲು ಬಡದ ತಾಮ್ರದ ಚಂಬು ಏನರ ಐತೇನ್ರಿ? ಅಕ್ಕಿ ಎಳೀತಿದ್ದರ ಕೋಟಿಗಟ್ಟಲೆ ರೊಕ್ಕ” ಎಂದರು. ಮೊದಲು ಪರೀಕ್ಷೆಯ ಖರ್ಚಿಗೆಂದು ನಾವೇ ಒಂದಿಷ್ಟು ಹಣ ಕಟ್ಟಬೇಕಂತೆ. ‘ರೈಸ್ ಪುಲ್ಲಿಂಗ್’ ಎಂಬ ಈ ಮೋಸದ ಬಗ್ಗೆ ಕರ್ನಾಟಕದ ಪೊಲೀಸರು ಹಲವು ಪ್ರಕರಣ ದಾಖಲಿಸಿದ್ದಾರೆ. ತಾಮ್ರ ಅಕ್ಕಿಯನ್ನು ಎಳೆಯುವುದಿಲ್ಲ, ಸಿಡಿಲು ಬಡಿದರೂ ಎಳೆಯುವುದಿಲ್ಲ. ಎಳೆದಂತೆ ತೋರಿಸುವವರು ಅಕ್ಕಿಗೆ ಕಬ್ಬಿಣದ ಪುಡಿ ಹಚ್ಚಿ, ಪಾತ್ರೆಯಲ್ಲಿ ಆಯಸ್ಕಾಂತ ಅಡಗಿಸಿರುತ್ತಾರೆ. ಬಂದವರಿಗೆ ಚಹಾ ಕೊಟ್ಟು ಕಳಿಸಿದೆವು. ಚಹಾ ಕೊಡಬೇಕಿರಲಿಲ್ಲವೆಂದು ಅತ್ತೆಗೆ ಇನ್ನೂ ಸಿಟ್ಟಿದೆ.

ತುಪಾಕಿಯಲ್ಲ, ಬಂಬ್

ಗುಂಪಿನಲ್ಲಿ ಒಂದು ವಿಚಿತ್ರ ಸಾಮಾನಿತ್ತು. ಎರಡು ಅಡಿ ಉದ್ದದ ತಾಮ್ರದ ಕೊಳವೆ, ಕೆಳಗೆ ಅಗಲ, ಮೇಲೆ ಹೋದಂತೆ ಸಣ್ಣ. ಒಳಗೆಲ್ಲ ಕಾಡಿಗೆಯಂಥ ಮಸಿ, ಹೊರಗೆ ಬಿಳಿ ಸುಣ್ಣದ ಪೊರೆ. ಒಬ್ಬರು ತುಪಾಕಿಯ ನಳಿಗೆ ಎಂದರು, ಇನ್ನೊಬ್ಬರು ಗ್ರಾಮೊಫೋನಿನ ಕೊಂಬು. ಅತ್ತೆ ಕೈಯಾಡಿಸಿ ನಕ್ಕಳು: “ಬಂಬಿನ ಕಳ್ಳು ಇದು.”

ಬಂಬ್ ಎಂದು ಕೆಲವರು, ಹಮಾಮ್ ಎಂದು ಹೈದರಾಬಾದ್ ಸಂಪರ್ಕವಿದ್ದ ಕೆಲವರು, ಬಾಯ್ಲರ್ ಎಂದು ಮತ್ತೆ ಕೆಲವರು ಕರೆಯುವ ನೀರು ಕಾಯಿಸುವ ಸಾಧನದ ಕರುಳು ಅದು. ನಿಂತ ಪೀಪಾಯಿಯಂಥ ತಾಮ್ರದ ಅಥವಾ ಹಿತ್ತಾಳೆಯ ಮೈ. ನಡುವೆ ತಳದಿಂದ ತಲೆಯವರೆಗೆ ಹಾದ ಈ ಕೊಳವೆ. ಕೊಳವೆಯ ಸುತ್ತ ನೀರು. ಕೆಳಗೆ ಕಬ್ಬಿಣದ ಜಾಲರಿ, ಬೂದಿ ಬೀಳುವ ತಟ್ಟೆ. ಪಕ್ಕಕ್ಕೊಂದು ಹಿತ್ತಾಳೆಯ ನಳ. ಇದ್ದಲು, ಕಟ್ಟಿಗೆಯ ಚೂರು, ಗೋವಿನಜೋಳದ ಬೆಂಡು ಮೇಲಿನಿಂದ ಹಾಕಿದರೆ ಬೆಂಕಿ ನೀರಿನ ನಡುವೆಯೇ ಉರಿಯುತ್ತದೆ. ಒಲೆಯ ಮೇಲಿನ ಹಂಡೆಯಲ್ಲಿ ಉರಿಯ ಬಹುಪಾಲು ಸುತ್ತಲಿನ ಗಾಳಿಗೆ ಹೋಗುವಾಗ, ಇಲ್ಲಿ ನಾಲ್ಕೂ ಕಡೆಯಿಂದ ನೀರೇ ಅದನ್ನು ಹೀರುತ್ತದೆ. ಆದ್ದರಿಂದಲೇ ಇದಕ್ಕೆ ಕಟ್ಟಿಗೆ ಕಡಿಮೆ. ಮಸಿ ಒಳಗೆ, ಸುಣ್ಣ ಹೊರಗೆ ಏಕೆಂಬುದೂ ಇದರಿಂದ ತಿಳಿಯುತ್ತದೆ.

ಸುಣ್ಣದ ಪೊರೆ ನಮ್ಮ ಗಡಸು ನೀರಿನ ಕೊಡುಗೆ. ಅದನ್ನು ಸುತ್ತಿಗೆಯಿಂದ ಬಡಿದು ತೆಗೆಯಬಾರದು. ಹಳೆಯ ತಾಮ್ರ ತೆಳ್ಳಗಾಗಿರುತ್ತದೆ, ಬೆಸುಗೆ ಬಿಟ್ಟುಕೊಳ್ಳುತ್ತದೆ. ಹುಣಸೆಹಣ್ಣು ಕಿವುಚಿದ ನೀರನ್ನು ರಾತ್ರಿಯೆಲ್ಲ ನಿಲ್ಲಿಸಿದರೆ ಮೆತ್ತಗಾಗುತ್ತದೆ. ಎರಡು ಮೂರು ಸಲ ಮಾಡಬೇಕಾದೀತು. ಹೀಗೆ ಸ್ವಚ್ಛವಾದ ಬಂಬ್ ಅಥವಾ ಹಂಡೆ ಜಳಕದ ನೀರಿಗೆ ಇಂದಿಗೂ ಯೋಗ್ಯ. ಆದರೆ ಅಡಿಗೆಗೆ, ವಿಶೇಷವಾಗಿ ಹುಳಿ ಪದಾರ್ಥಕ್ಕೆ, ಕಲಾಯಿ ಇಲ್ಲದೆ ಬಳಸತಕ್ಕದ್ದಲ್ಲ. ಹಸಿರು ಕಿಲುಬು ವಿಷ. ಹಳೆಯ ತೇಪೆಗಳ ಬೆಸುಗೆಯಲ್ಲಿ ಸೀಸ ಇರುವುದುಂಟು. ಅಂಥ ಪಾತ್ರೆಯನ್ನು ಬಚ್ಚಲಲ್ಲೇ ಬಿಡುವುದು ಮೇಲು.

ಸಣ್ಣ ಸಾಮಾನುಗಳಲ್ಲಿ ಒಂದನ್ನು ಮಾತ್ರ ಹೇಳಿ ಮುಂದೆ ಹೋಗುತ್ತೇನೆ. ಅಂಗೈಯಲ್ಲಿ ಹಿಡಿಯುವಷ್ಟು ಹಿತ್ತಾಳೆಯ ಗಿಣಿಯೋ, ಹಂಸವೋ. ಅಲುಗಿಸಿದರೆ ಒಳಗೆ ಗುಂಡು ಸಪ್ಪಳ ಮಾಡುತ್ತದೆ. ತಳ ಅರದ ಹಾಗೆ ಅಡ್ಡುದ್ದ ಗೀರಿ ಒರಟಾಗಿದೆ. ಮಕ್ಕಳ ಆಟಿಗೆಯೆಂದು, ದೇವರ ಸಾಮಾನೆಂದು ಇದನ್ನು ಜಗಲಿಯ ಮೇಲೆ ಇಟ್ಟವರನ್ನು ಬಲ್ಲೆ. ಇದು ಹಿಮ್ಮಡಿಯ ಬಿರುಕು ತಿಕ್ಕುವ ವಜ್ರಿ. ಎರಿ ಹೊಲದಲ್ಲಿ ಬರಿಗಾಲಲ್ಲಿ ದುಡಿದವರಿಗೆ ಎಷ್ಟು ಬೇಕಾಗಿದ್ದ ಸಾಮಾನು!

ಕಲ್ಲನ್ನು ಮಗುಚಿ ನೋಡಿ

ಬಚ್ಚಲಿನ ಚಪ್ಪಡಿ ಯಾವ ಕಲ್ಲಿನದು ಎಂಬುದನ್ನು ತಿಳಿಯುವುದು ಕಷ್ಟವಲ್ಲ. ಕೊಪ್ಪಳ, ಗಂಗಾವತಿ ಕಡೆ ಗುಡ್ಡವೆಲ್ಲ ಬೂದು, ನಸುಗೆಂಪಿನ ಗ್ರಾನೈಟು. ಕುಷ್ಟಗಿಯಿಂದ ಇಳಕಲ್ಲಿನ ಕಡೆಗೆ ಹೋದಂತೆ ಹೆಸರಾದ ಕೆಂಪು ಕಲ್ಲು. ಇವುಗಳಲ್ಲಿ ಹರಳು ಮಿನುಗುತ್ತದೆ, ಗೀರಿದರೆ ಮೊಳೆ ಸವೆಯುತ್ತದೆ. ತೆಳ್ಳಗೆ ಹಲಗೆಯಂತೆ ಸೀಳಿದ ಬೂದು ನುಣುಪು ಕಲ್ಲಾದರೆ ಶಹಾಬಾದಿನದು. ಅದು ಸುಣ್ಣದ ಕಲ್ಲು. ಮೂಲೆಯನ್ನು ಕೆರೆದು ಪುಡಿ ಮಾಡಿ ನಿಂಬೆಹುಳಿ ಹಿಂಡಿದರೆ ಸಣ್ಣಗೆ ನೊರೆ ಏಳುತ್ತದೆ. ಗ್ರಾನೈಟಿಗೆ ಏಳದು.

ವಯಸ್ಸು ತಿಳಿಯಲು ಅಂಚು ನೋಡಬೇಕು. ಬೆಣೆ ಬಡಿದು ಸೀಳಿದ ಹಳೆಯ ಕಲ್ಲಿನ ಅಂಚಿನಲ್ಲಿ ಚೌಕನೆಯ ಗುಳಿಗಳು ಸಾಲಾಗಿರುತ್ತವೆ. ಆನೆಗೊಂದಿ, ಹಂಪಿಗಳ ಬಂಡೆಗಳ ಮೇಲೆ ಅಂಥ ಸಾಲುಗಳನ್ನು ಎಲ್ಲರೂ ಕಂಡಿರುತ್ತೀರಿ. ಯಂತ್ರದ ಬೈರಿಗೆಯಿಂದ ತೆಗೆದ ಕಲ್ಲಿನಲ್ಲಿ ಅರ್ಧ ಕೊಳವೆಯಂಥ ದುಂಡನೆಯ ಗೀರು ಉಳಿಯುತ್ತದೆ. ಚೌಕ ಗುಳಿ ಇದ್ದ ಮಾತ್ರಕ್ಕೆ ವಿಜಯನಗರದ್ದಾಗಲಿಲ್ಲ. ನಮ್ಮ ಒಡ್ಡರು ಮೊನ್ನೆಮೊನ್ನೆಯವರೆಗೂ ಹಾಗೆಯೇ ಸೀಳುತ್ತಿದ್ದರು.

ಕೆಡವುವಾಗ ಮಾತ್ರ ಪ್ರತಿಯೊಂದು ಚಪ್ಪಡಿಯನ್ನೂ ಮಗುಚಿ ನೋಡತಕ್ಕದ್ದು. ನಮ್ಮ ನಾಡಿನಲ್ಲಿ ಶಾಸನದ ಕಲ್ಲು, ವೀರಗಲ್ಲುಗಳು ಬಟ್ಟೆ ಒಗೆಯುವ ಕಲ್ಲಾಗಿ, ದನದ ಕೊಟ್ಟಿಗೆಯ ಹಾಸಾಗಿ ಸಿಕ್ಕ ನಿದರ್ಶನಗಳು ಲೆಕ್ಕವಿಲ್ಲ. ಕೊಪ್ಪಳವಂತೂ ಕೊಪಣ ತೀರ್ಥವೆಂದು ಹೆಸರಾಗಿದ್ದ ಜಾಗ. ಗವಿಮಠ ಮತ್ತು ಪಾಲ್ಕಿಗುಂಡಿನ ಅಶೋಕನ ಶಾಸನಗಳು ಬೆಳಕಿಗೆ ಬಂದದ್ದು 1931ರಲ್ಲಿ. ಇಟಗಿಯ ಮಹಾದೇವ ದೇವಾಲಯ 1112ರದು. ಇಂಥ ಸೀಮೆಯಲ್ಲಿ ಅಜ್ಜ ಎಲ್ಲಿಂದ ಯಾವ ಕಲ್ಲು ತಂದು ಹಾಸಿದನೋ! ಅಕ್ಷರ ಕಂಡರೆ ಉಳಿ ಹಚ್ಚಬೇಡಿ, ಸುಣ್ಣ ಬಳಿಯಬೇಡಿ. ಫೋಟೋ ತೆಗೆದು ಪುರಾತತ್ವ ಇಲಾಖೆಗೆ ತಿಳಿಸಿ. ನೆಲದೊಳಗೆ ಹುಗಿದ ಬೆಲೆಬಾಳುವ ವಸ್ತುವೇ ಸಿಕ್ಕರೆ 1878ರ ನಿಧಿ ಕಾಯಿದೆಯ ಪ್ರಕಾರ ಜಿಲ್ಲಾಧಿಕಾರಿಗೆ ತಿಳಿಸುವುದು ಕಡ್ಡಾಯ, ಮುಚ್ಚಿಟ್ಟರೆ ಶಿಕ್ಷೆಯುಂಟು.

ನಮ್ಮ ಚಪ್ಪಡಿಯ ಕೆಳಗೆ ಶಾಸನವೇನೂ ಇರಲಿಲ್ಲ. ಇದ್ದುದು ಗೌಂಡಿ ಬಿಡಿಸಿದ ಒಂದು ಬಾಣದ ಗುರುತು, ಮೋರಿಯ ಕಡೆಗೆ ತೋರುವಂಥದು. ನೀರಿನ ಇಳಿಜಾರು ಯಾವ ಕಡೆ ಎಂದು ಕೂಡಿಸುವವನಿಗೆ ಹೇಳಿದ ಗುರುತು ಇರಬೇಕು. ಹಂಪಿಯ ಅರಮನೆ ಆವರಣದಲ್ಲಿ 1980ರ ದಶಕದ ಉತ್ಖನನದಲ್ಲಿ ಸಿಕ್ಕ ಕರಿಕಲ್ಲಿನ ಮೆಟ್ಟಿಲು ಕೊಳದಲ್ಲಿಯೂ ಪ್ರತಿಯೊಂದು ಕಲ್ಲು ಯಾವ ದಿಕ್ಕಿಗೆ, ಯಾವ ಸಾಲಿಗೆ ಸೇರತಕ್ಕದ್ದೆಂದು ಕಲ್ಲುಕುಟಿಗರು ಹಾಕಿದ ಗುರುತುಗಳಿವೆ. ಅರಸನ ಕೊಳಕ್ಕಾದರೇನು, ರೈತನ ಬಚ್ಚಲಿಗಾದರೇನು, ಕಸಬಿನ ರೀತಿ ಒಂದೇ.

ಕಲ್ಲಿನ ದೋಣಿಯ ವಿಷಯ. ಒಂದೇ ಬಂಡೆಯಲ್ಲಿ ಕಡೆದ ಉದ್ದನೆಯ ತೊಟ್ಟಿ, ತಳದ ಮಗ್ಗುಲಿಗೆ ಒಂದು ತೂತು. ಬಚ್ಚಲಲ್ಲಿ ಇದ್ದುದು ತಣ್ಣೀರಿನ ದೋಣಿ, ಕೊಟ್ಟಿಗೆಯಲ್ಲಿ ಇದ್ದುದು ದನಕ್ಕೆ ನೀರು ಕುಡಿಸುವ ದೋಣಿ. ಎರಡೂ ಒಂದೇ ಥರ ಕಾಣುತ್ತವೆ. ವ್ಯತ್ಯಾಸ ತಿಳಿಯಬೇಕಾದರೆ ಅಂಚನ್ನು ಸವರಿ: ದನದ ದೋಣಿಯ ಅಂಚು ಕೊರಳು ಉಜ್ಜಿ ಉಜ್ಜಿ ಎಣ್ಣೆ ಹಚ್ಚಿದಂತೆ ನುಣುಪಾಗಿರುತ್ತದೆ. ಬಚ್ಚಲಿನದರಲ್ಲಿ ಚರಿಗೆ ತಾಗಿದ ಒಂದು ಜಾಗ ಮಾತ್ರ ಸವೆದಿರುತ್ತದೆ, ಅದೂ ಬಲಗೈಯ ಕಡೆ.

ಪಿಂಗಾಣಿ, ನಳ ಇತ್ಯಾದಿ

ನಮ್ಮ ಹಳ್ಳಿಗಳಲ್ಲಿ ಪಿಂಗಾಣಿ ಸಾಮಾನು ಕಡಿಮೆ. ಬಯಲಿಗೆ ಚರಿಗೆ ಹಿಡಿದು ಹೋಗುತ್ತಿದ್ದ ಕಾಲ. ಆ ಚರಿಗೆಯನ್ನೂ ಒಳಗೆ ತರದೆ ಬಾಗಿಲಾಚೆ ಇಡುತ್ತಿದ್ದರು. ಆದರೆ ರೈಲ್ವೆ ಅಥವಾ ಅಣೆಕಟ್ಟೆಯ ನೌಕರಿಯಲ್ಲಿದ್ದವರ ಮನೆಗಳಲ್ಲಿ, ಪೇಟೆಯ ಸಾಹುಕಾರರ ವಾಡೆಗಳಲ್ಲಿ ಇವು ಇದ್ದಾವು. ನಮ್ಮ ಸೋದರಮಾವ ಮುನಿರಾಬಾದಿನಲ್ಲಿದ್ದಾಗ ಗೋಡೆಯ ಮೇಲಿನ ಬೀಡು ಕಬ್ಬಿಣದ ಪೆಟ್ಟಿಗೆ, ಅದರ ಸರಪಳಿ ಎಳೆದರೆ ಧೋ ಎಂದು ನೀರು ಬೀಳುವುದನ್ನು ಕಂಡು ನಾವು ಹುಡುಗರು ಹೆದರಿ ಓಡಿದ್ದುಂಟು. ಅಂಥ ಪೆಟ್ಟಿಗೆಯ ಮೇಲೆ, ಬೇಸಿನ್ನಿನ ಹಿಂಬದಿಯಲ್ಲಿ ಕಾರ್ಖಾನೆಯ ಹೆಸರು ಇರುತ್ತದೆ. ಶ್ಯಾಂಕ್ಸ್ ಎಂದಿದ್ದರೆ ಸ್ಕಾಟ್ಲೆಂಡಿನದು, ಬರೀ ಟ್ವೈಫರ್ಡ್ಸ್ ಎಂದಿದ್ದರೆ ಇಂಗ್ಲೆಂಡಿನದು. ಹಿಂದೂಸ್ತಾನ್ ಟ್ವೈಫರ್ಡ್ಸ್ ಎಂದಿದ್ದರೆ ಹರಿಯಾಣದ ಬಹಾದ್ದೂರ್‌ಗಢದ್ದು. ಆ ಕಂಪನಿ ಹುಟ್ಟಿದ್ದು 1960ರಲ್ಲಿ, ಆದುದರಿಂದ ವಸ್ತು ಅದಕ್ಕಿಂತ ಹಳೆಯದಾಗಲಾರದು. ಪ್ಯಾರಿವೇರ್ ಎಂದಿದ್ದರೆ ತಮಿಳುನಾಡಿನ ರಾಣಿಪೇಟೆಯ ಕಡೆಯದು.

ಬಚ್ಚಲಿನ ಮೇಲೆ ಹೆಂಚು ಹೊದಿಸಿದ್ದರೆ ಅದರ ಅಡಿಭಾಗವನ್ನೂ ಓದಿ. ಮಂಗಳೂರಿನಲ್ಲಿ ಬಾಸೆಲ್ ಮಿಶನ್ನಿನವರು ಹೆಂಚಿನ ಕಾರ್ಖಾನೆ ತೆರೆದದ್ದು 1865ರಲ್ಲಿ; ಅವರನ್ನು ಅನುಸರಿಸಿ ಹಲವು ಕಾರ್ಖಾನೆಗಳು ಹುಟ್ಟಿದವು, ಎಲ್ಲರೂ ತಮ್ಮ ಹೆಸರು ಒತ್ತುತ್ತಿದ್ದರು. ಗಟ್ಟಿಯಿರುವ ಹೆಂಚನ್ನು ಕೋಳಿಗೂಡಿಗೋ, ಮೇವಿನ ಬಣವೆಯ ಚಪ್ಪರಕ್ಕೋ ಮತ್ತೆ ಬಳಸಬಹುದು. ಒಡೆದು ಹಾಕುವುದೇಕೆ?

ನೀರು ಎಲ್ಲಿಗೆ ಹೋಗುತ್ತಿತ್ತು?

ಹಳೆಯ ಬಚ್ಚಲಿನ ಎಲ್ಲ ಸಾಮಾನಿಗಿಂತ ರೈತನಿಗೆ ಬೆಲೆಯುಳ್ಳದ್ದು ಅದರ ಮೋರಿ ಎಂಬುದು ನನ್ನ ಅಭಿಪ್ರಾಯ. ಗೋಡೆಯಾಚೆ ಚಾಚಿದ ಕಲ್ಲಿನ ನಾಳಿಗೆಯಿಂದ ಬಿದ್ದ ನೀರು ಹಿತ್ತಲಿನ ಸಣ್ಣ ಕಾಲುವೆಗೆ ಹೋಗುತ್ತಿತ್ತು. ಮೊದಲು ಕೆಸುವು, ಆಮೇಲೆ ಬಾಳೆ, ಕೊನೆಗೆ ನುಗ್ಗೆ, ಕರಿಬೇವು. ನೀರು ಹೆಚ್ಚು ಕುಡಿಯುವ ಗಿಡ ಮೊದಲು, ಕಡಿಮೆ ಸಾಕೆನ್ನುವ ಗಿಡ ಕೊನೆಗೆ. ಎಂಟು ಮಂದಿಯ ಜಳಕದ ನೀರಿನಿಂದ ಮನೆಗೆ ಕರಿಬೇವು ಕೊಂಡದ್ದೇ ಇಲ್ಲವೆಂದು ಅತ್ತೆ ಹೇಳುತ್ತಾಳೆ. ಸೀಗೆಕಾಯಿ, ಕಡಲೆಹಿಟ್ಟು ಮಣ್ಣಿಗೆ ಕೇಡು ಮಾಡುತ್ತಿರಲಿಲ್ಲ. ಇಂದು ಸಾಬೂನು, ಸೋಡಾ ಹೆಚ್ಚು. ಬಟ್ಟೆ ಒಗೆದ ನೀರನ್ನು ಬೇರೆ ಮಾಡಿ, ಜಳಕದ ನೀರನ್ನು ಮರಳು, ಜಲ್ಲಿ ತುಂಬಿದ ಗುಂಡಿಯ ಮೂಲಕ ಹಾಯಿಸಿ ಬಾಳೆಗೆ ಬಿಡಬಹುದು. ಹಸಿಯಾಗಿ ತಿನ್ನುವ ಸೊಪ್ಪಿಗೆ ಬಿಡಬಾರದು. ಕುಷ್ಟಗಿ, ಯಲಬುರ್ಗಾದಂಥ ಒಣ ತಾಲ್ಲೂಕಿನಲ್ಲಿ ಹೊಸ ಮನೆ ಕಟ್ಟುವವರು ಹಳೆಯ ಮೋರಿ ಯಾವ ದಿಕ್ಕಿಗಿತ್ತೆಂದು ಕೆಡವುವ ಮೊದಲೇ ಗುರುತು ಮಾಡಿಟ್ಟುಕೊಳ್ಳಲಿ. ನಾವು ಅದನ್ನು ಮರೆತೆವು. ಗೋಡೆ ಬಿದ್ದ ಮೇಲೆ ನೆನಪಾಯಿತು. ಬಾಳೆಯ ಬುಡ ನೋಡಿ ಲೆಕ್ಕ ಹಾಕಬೇಕಾಯಿತು.

ಸಾಮಾನನ್ನು ಗುರುತಿಸುವಾಗ ಒಂದು ರೂಢಿ ಇಟ್ಟುಕೊಂಡರೆ ಒಳ್ಳೆಯದು. ಪಾತ್ರೆಯನ್ನು ಅಂಗಳಕ್ಕೆ ತಂದ ಮೇಲೆ ಅದು ಬರೀ ಲೋಹ. ಇದ್ದ ಜಾಗದಲ್ಲೇ ಇರುವಾಗ ಒಲೆಯ ಪಕ್ಕದ್ದೋ, ಗೂಡಿನದೋ, ಗಳದ್ದೋ ಎಂಬುದೇ ಅರ್ಧ ಗುರುತು. ಆದ್ದರಿಂದ ಎತ್ತುವ ಮೊದಲು ಒಂದು ಫೋಟೋ. ಹಿರಿಯರು ಹೇಳಿದ ಹೆಸರನ್ನು ಅವರು ಹೇಳಿದ ಹಾಗೆಯೇ ಬರೆದುಕೊಳ್ಳುವುದು. ‘ಹಂಡೇವು’ ಎಂದರೆ ಹಂಡೇವು ಎಂದೇ ಬರೆಯಬೇಕು, ತಿದ್ದಬಾರದು. ವಿಶೇಷವಾಗಿ ಹೆಣ್ಣುಮಕ್ಕಳನ್ನು ಕೇಳಬೇಕು. ಜಮೀನಿನ ಗುರುತು ಗಂಡಸರಿಗೆ ಗೊತ್ತು, ಬಚ್ಚಲಿನದು ಅವರಿಗೆ ಗೊತ್ತಿಲ್ಲ. ನೀರು ಹೊತ್ತು ಹಾಕಿದವರು, ಉರಿ ಹಾಕಿದವರು ಅವರಲ್ಲ.

ನಮ್ಮ ಮನೆಯ ಸಾಮಾನು ಕಡೆಗೆ ಹಂಚಿಕೆಯಾಯಿತು. ಹಿತ್ತಾಳೆಯ ಒಡೆದ ಪಾತ್ರೆಗಳನ್ನು ಮೋಡಕಾಕ್ಕೇ ಹಾಕಿದೆವು, ಬೇರೆ ತೂಗಿಸಿ. ಬಂಬಿನ ಹೊರಮೈ ಎಲ್ಲಿ ಹೋಯಿತೋ ಸಿಗಲೇ ಇಲ್ಲ. ಕೊಳವೆಯನ್ನು ಇತಿಹಾಸದ ಅಣ್ಣ ಒಯ್ದ. ಹಂಡೆ ಯಾರಿಗೆಂಬ ಮಾತು ಬಂದಾಗ ಸ್ವಲ್ಪ ಮುಖ ಗಂಟಿಕ್ಕುವ ಪ್ರಸಂಗವೂ ನಡೆಯಿತು. ಅತ್ತೆಯೇ ಬಗೆಹರಿಸಿದಳು: ದೀಪಾವಳಿಗೆ ನೀರು ತುಂಬುವ ಹಬ್ಬದ ದಿನ ಯಾರು ಹಂಡೇವು ಬೆಳಗಿ, ಸುಣ್ಣದ ಪಟ್ಟಿ ಬರೆದು, ಹಿಂಡಲಬಳ್ಳಿ ಕಟ್ಟಿ ನೀರು ತುಂಬುತ್ತಾರೋ ಅವರಿಗೆ. ಗಂಗಾವತಿಯಲ್ಲಿರುವ ಕಿರಿಯ ಸೊಸೆ ಒಪ್ಪಿಕೊಂಡಳು. ಅವಳ ಮನೆಯಲ್ಲಿ ಒಲೆಯಿಲ್ಲ, ಮಾಳಿಗೆಯ ಮೇಲೆ ಸೋಲಾರ್ ಇದೆ. ಹಂಡೆಯನ್ನು ಬಾಗಿಲ ಪಕ್ಕಕ್ಕೆ ಇಟ್ಟಿದ್ದಾಳೆ. ಕಲ್ಲಿನ ದೋಣಿಯನ್ನು ಎಂಟು ಮಂದಿ ಹಾರೆ ಹಾಕಿದರೂ ಅಲುಗಿಸಲಾಗಲಿಲ್ಲ. ಹೊಸ ಮನೆಯ ಪಾಯವನ್ನು ಎರಡು ಅಡಿ ಸರಿಸಿ ಅದನ್ನು ಇದ್ದಲ್ಲೇ ಬಿಟ್ಟಿದ್ದೇವೆ. ಈಗ ಅದರಲ್ಲಿ ನಮ್ಮ ಕಾಕಾನ ಮಗನ ಎಮ್ಮೆ ನೀರು ಕುಡಿಯುತ್ತದೆ.